ಕುದುರೆಯ ಜನಪದ ಹಾಡುಗಳನ್ನು ಅಂಗವಿಕಲ ಮಕ್ಕಳ ಸವಾರಿ ಚಿಕಿತ್ಸೆಯಲ್ಲಿ ಬಳಸಬಹುದೇ?

ಪ್ರಶ್ನೆ: ಅಕ್ಕಲಕೋಟೆ ತಾಲ್ಲೂಕಿನ ಶಿಕ್ಷಕಿ

ನನ್ನ ತರಗತಿಯಲ್ಲಿ ಸೆರೆಬ್ರಲ್ ಪಾಲ್ಸಿ (ಮಿದುಳಿನ ಹಾನಿಯಿಂದ ಮೈಯ ಚಲನೆಯ ಹತೋಟಿ ತಪ್ಪುವ ತೊಂದರೆ) ಇರುವ ಎಂಟು ವರ್ಷದ ಹುಡುಗನೊಬ್ಬನಿದ್ದಾನೆ. ತೊಡೆಯ ಒಳಭಾಗದ ಸ್ನಾಯುಗಳು ಬಿಗಿದಿರುವುದರಿಂದ ಅವನ ಕಾಲುಗಳು ಒಂದರ ಮೇಲೊಂದು ಹಾಯುತ್ತವೆ. ಗೋಡೆಯ ಆಸರೆಯಿಲ್ಲದೆ ಹೆಚ್ಚು ಹೊತ್ತು ಕೂರಲಾರ. ಆದರೆ ಅವನ ಅಜ್ಜಿ ಬೀಸುವ ಪದಗಳಲ್ಲಿ ಅಣ್ಣನು ಕುದುರೆಯೇರಿ ತಂಗಿಯನ್ನು ಕರೆಯಲು ಬರುವ ಭಾಗವನ್ನು ಎತ್ತಿಕೊಂಡರೆ ಸಾಕು, ಕತ್ತು ನೆಟ್ಟಗೆ ಮಾಡಿ, ತೊಡೆ ತಟ್ಟುತ್ತ, ಮುಂದಿನ ಸಾಲಿಗಾಗಿ ಅಜ್ಜಿಯ ಬಾಯನ್ನೇ ನೋಡುತ್ತಾನೆ.

ಇಂಥ ಮಕ್ಕಳಿಗೆ ಕುದುರೆ ಸವಾರಿಯಿಂದ ಅನುಕೂಲವಾಗುತ್ತದೆ ಎಂದು ಕೇಳಿದ್ದೇವೆ. ನಮ್ಮೂರ ಕುರುಬರ ಮನೆಯಲ್ಲಿ ಹೇರು ಹೊರುವ ಗಿಡ್ಡ ಕುದುರೆಯೊಂದಿದೆ. ಮದುವೆಯ ಮೆರವಣಿಗೆಗೆ ಬಾಡಿಗೆಗೆ ಕೊಡುವ ಬಿಳಿ ಕುದುರೆಯೂ ಇದೆ. ಇವುಗಳಲ್ಲಿ ಒಂದರ ಮೇಲೆ ಹುಡುಗನನ್ನು ಕೂರಿಸಿ ಅಜ್ಜಿಯಿಂದ ಹಾಡಿಸಿದರೆ ಪ್ರಯೋಜನವಾದೀತೇ? ಇದು ನಿಜವಾಗಿಯೂ ಚಿಕಿತ್ಸೆಯೇ, ಬರೀ ವಿನೋದವೇ? ನಮ್ಮ ಗಡಿಭಾಗದಲ್ಲಿ ಕುದುರೆಯ ಹಾಡುಗಳು ಬೇರೆ ಯಾವುವಿವೆ ಎಂಬುದನ್ನೂ ತಿಳಿದವರು ಹೇಳಬೇಕು.

ಉತ್ತರ: ಸೊಲ್ಲಾಪುರದ ಫಿಜಿಯೋಥೆರಪಿಸ್ಟ್

ಅಕ್ಕೋರೇ, ಇದು ಚಿಕಿತ್ಸೆಯೇ ಹೌದು, ಆದರೆ ರೋಗವನ್ನು ಕಳೆಯುವ ಚಿಕಿತ್ಸೆಯಲ್ಲ. ನಡೆಯುವ ಕುದುರೆಯ ಬೆನ್ನು ಮೇಲೆ ಕುಳಿತವರ ಸೊಂಟವನ್ನು ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಅಲುಗಿಸುವುದರ ಜೊತೆಗೆ ಸ್ವಲ್ಪ ತಿರುಗಿಸುತ್ತದೆ. ನಾವು ನಡೆಯುವಾಗ ಸೊಂಟ ಚಲಿಸುವುದೂ ಹೆಚ್ಚುಕಡಿಮೆ ಹೀಗೆಯೇ ಆದ್ದರಿಂದ, ತಾನಾಗಿ ನಡೆಯಲಾರದ ಮಗುವಿನ ಮೈಗೆ ನಡಿಗೆಯ ಅನುಭವ ಸಿಗುತ್ತದೆ, ಮತ್ತು ಪ್ರತಿ ಹೆಜ್ಜೆಗೂ ಮುಂಡವನ್ನು ಸರಿಮಾಡಿಕೊಳ್ಳುವ ಕೆಲಸ ಅದಕ್ಕೆ ಬೀಳುತ್ತದೆ. ಕುದುರೆಯ ಮೈಬಿಸಿ ಸುಮಾರು 38 ಡಿಗ್ರಿ ಸೆಲ್ಸಿಯಸ್. ಆ ಬಿಸಿಯಿಂದಲೂ ಕಾಲುಗಳು ಅಗಲವಾಗಿ ಇಳಿಬೀಳುವುದರಿಂದಲೂ ತೊಡೆಯ ಬಿಗಿತ ಆ ಹೊತ್ತಿಗೆ ಸಡಿಲಾಗುತ್ತದೆ. ಕೂರುವ ಸಮತೋಲನ ಸುಧಾರಿಸಿದೆ ಎಂದು ಹೇಳುವ ಅಧ್ಯಯನಗಳಿವೆ. ಅವುಗಳಲ್ಲಿ ಹೆಚ್ಚಿನವು ಸಣ್ಣ ಗುಂಪುಗಳ ಮೇಲೆ ನಡೆದವು. ದಿನನಿತ್ಯದ ವ್ಯಾಯಾಮವನ್ನು ಬಿಟ್ಟು ಇದನ್ನೇ ನಂಬುವುದು ತರವಲ್ಲ. ಪೋಲಿಯೋದಿಂದ ಮೊಣಕಾಲಿನ ಕೆಳಗೆ ಬಲ ಕಳೆದುಕೊಂಡ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ 1952ರ ಹೆಲ್ಸಿಂಕಿ ಒಲಿಂಪಿಕ್ಸಿನ ಡ್ರೆಸಾಜ್ (ಪಳಗಿಸಿದ ಕುದುರೆಯ ನಡೆಯನ್ನು ಪರೀಕ್ಷಿಸುವ) ಸ್ಪರ್ಧೆಯಲ್ಲಿ ಬೆಳ್ಳಿ ಪದಕ ಗೆದ್ದ ಮೇಲೆ ಯುರೋಪಿನಲ್ಲಿ ಈ ಬಗೆಯ ಸವಾರಿಗೆ ಬೆಂಬಲ ಬೆಳೆಯಿತು.

ಮದುವೆಯ ಕುದುರೆ ಬೇಡವೇ ಬೇಡ. ಬ್ಯಾಂಡಿನ ಸದ್ದಿಗೆ ಅದು ಹೆದರದಿರಬಹುದು, ಆದರೆ ಸದ್ದು ಕೇಳಿದೊಡನೆ ಮುಂಗಾಲೆತ್ತಿ ಕುಣಿಯುವಂತೆ ಅದನ್ನು ಪಳಗಿಸಿರುತ್ತಾರೆ. ಕುರುಬರ ಕುದುರೆಯ ಎತ್ತರ ಅನುಕೂಲಕರ. ಎರಡೂ ಪಕ್ಕದಲ್ಲಿ ನಡೆಯುವವರು ಮಗುವಿನ ತೊಡೆಯ ಮೇಲೆ ಮುಂಗೈ ಇಟ್ಟು ಹಿಡಿಯಬಹುದು. ಹೇರು ಹೊತ್ತು ರೂಢಿಯಾದ ಪ್ರಾಣಿಗೆ ಅಲುಗಾಡುವ, ಕೂಗುವ ಸವಾರ ಹೊಸದು ಎಂಬುದನ್ನು ಮಾತ್ರ ಮರೆಯಬಾರದು. ಹಗ್ಗ ಹಿಡಿದು ನಡೆಸಲು ಒಬ್ಬರು, ಪಕ್ಕಕ್ಕೆ ಇಬ್ಬರು, ಮಗುವಿನ ತಲೆಗೆ ಹೆಲ್ಮೆಟ್ಟು, ಜೀನಿನ ಬದಲು ದಪ್ಪನೆಯ ಮೆತ್ತೆ, ಇಷ್ಟಂತೂ ಇರಲೇಬೇಕು. ಬಿದ್ದೀತೆಂಬ ಭಯದಿಂದ ಮಗುವನ್ನು ಕುದುರೆಗೆ ಕಟ್ಟಲೇಬಾರದು. ಕುದುರೆ ಮುಗ್ಗರಿಸಿದರೆ ಮಗು ಅದರಡಿಗೆ ಸಿಲುಕುತ್ತದೆ.

ಇವೆಲ್ಲಕ್ಕೂ ಮೊದಲು ಸೊಂಟದ ಎಕ್ಸ್-ರೇ ಆಗಬೇಕು. ಸೆರೆಬ್ರಲ್ ಪಾಲ್ಸಿಯ ಮಕ್ಕಳಲ್ಲಿ ತೊಡೆಮೂಳೆ ಕೀಲಿನಿಂದ ಸ್ವಲ್ಪಸ್ವಲ್ಪವಾಗಿ ಜಾರುವುದು ಅಪರೂಪವಲ್ಲ, ಅಂಥವರಿಗೆ ಕಾಲಗಲಿಸಿ ಕೂರುವುದೇ ಅಪಾಯ. ಹತೋಟಿಗೆ ಬಾರದ ಫಿಟ್ಸ್ ಇದ್ದರೂ ಸವಾರಿ ಕೂಡದು. ಡೌನ್ ಸಿಂಡ್ರೋಮ್ ಇರುವ ಮಕ್ಕಳ ವಿಷಯದಲ್ಲಿ ಕತ್ತಿನ ಕೀಲುಗಳ ತಪಾಸಣೆ ಕಡ್ಡಾಯ.

ಉತ್ತರ: ಜತ್ತದ ನಿವೃತ್ತ ಶಿಕ್ಷಕ, ಹಾಡುಗಳ ಸಂಗ್ರಾಹಕ

ಹಾಡುಗಳ ಮಟ್ಟಿಗೆ ನಮ್ಮ ಭಾಗ ಬಡವಲ್ಲ. ಜೇಜೂರಿಯ ಖಂಡೋಬನೆಂದೂ ನಮ್ಮ ಮೈಲಾರಲಿಂಗನೆಂದೂ ಕರೆಯಿಸಿಕೊಳ್ಳುವ ದೇವರು ಕುದುರೆಯ ಸವಾರ. ಅವನ ಭಕ್ತರಾದ ಗೊರವರ ಪದಗಳಲ್ಲಿ ಆ ಕುದುರೆಯ ಬಣ್ಣನೆ ಉದ್ದಕ್ಕೂ ಬರುತ್ತದೆ. ಮೊಹರಮ್ಮಿನ ಪದಗಳಲ್ಲಿ ಇಮಾಮ್ ಹುಸೇನರು ಮಡಿದ ಕರ್ಬಲದ ಕಾಳಗದಿಂದ ಸವಾರನಿಲ್ಲದೆ ಡೇರೆಗೆ ಮರಳುವ ಕುದುರೆಯ ಪ್ರಸಂಗವಿದೆ. ಪಂಢರಪುರದ ವಾರಿಯಲ್ಲಿಯೂ (ವಿಠೋಬನ ಭಕ್ತರ ಕಾಲ್ನಡಿಗೆಯ ಯಾತ್ರೆ) ಸವಾರನಿಲ್ಲದ ಕುದುರೆಯೊಂದಿದೆ: ಸಂತ ಜ್ಞಾನೇಶ್ವರರ ಪಾಲಖಿಯ ಕುದುರೆಗಳು ಪ್ರತಿ ವರ್ಷ ಚಿಕ್ಕೋಡಿ ಕಡೆಯ ಅಂಕಲಿಯಿಂದ ಆಳಂದಿಗೆ ಹೋಗುತ್ತವೆ, ಮತ್ತು ಭಕ್ತರು ಸುತ್ತ ನಿಂತು ಕುದುರೆ ಓಡಿಸುವ ರಿಂಗಣದ ವರ್ತುಲದಲ್ಲಿ ಪತಾಕೆ ಹಿಡಿದ ಸವಾರನ ಕುದುರೆಯೊಂದಿಗೆ ಓಡುವ ಬರಿಬೆನ್ನಿನ ಕುದುರೆಯ ಮೇಲೆ ಜ್ಞಾನೇಶ್ವರರೇ ಕುಳಿತಿದ್ದಾರೆಂದು ನಂಬಿ ಜನರು ಗೊರಸಿನ ಧೂಳನ್ನು ಹಣೆಗೆ ಹಚ್ಚಿಕೊಳ್ಳುತ್ತಾರೆ. ಒಂದೇ ಸೀಮೆಯ ಎರಡು ಸಂಪ್ರದಾಯಗಳಲ್ಲಿ ಬರಿಬೆನ್ನಿನ ಕುದುರೆ, ಒಂದರಲ್ಲಿ ಶೋಕಕ್ಕೆ, ಇನ್ನೊಂದರಲ್ಲಿ ಹಿಗ್ಗಿಗೆ ಬಂದಿರುವುದನ್ನು ಯಾರಾದರೂ ಕುಳಿತು ಅಭ್ಯಾಸ ಮಾಡಬೇಕು.

ಆದರೆ ತಮ್ಮ ಕೆಲಸಕ್ಕೆ ಇವು ಯಾವುವೂ ಒದಗಲಾರವು. ಗೊರವರ ಪದಕ್ಕೆ ಡಮರು ಬೇಕು, ವಾರಿಯಲ್ಲಿ ಹಾಡುತ್ತ ಸಾಗುವ ದಿಂಡಿಗೆ ತಾಳ ಬೇಕು, ಡೊಳ್ಳಿನ ಮಾತಂತೂ ಬೇಡ. ರೂಢಿಯಿಲ್ಲದ ಕುದುರೆ ಇವಕ್ಕೆಲ್ಲ ಬೆಚ್ಚುತ್ತದೆ. ಮೊಹರಮ್ಮಿನ ಪದ ದುಃಖದ್ದು. ಅಜ್ಜಿಯ ಬೀಸುವ ಪದವೇ ಸರಿ. ಅದು ವಾದ್ಯವಿಲ್ಲದೆ, ಕೈಯ ಗತಿಗೆ ಹೊಂದಿಕೊಂಡು, ದಣಿಯದಂತೆ ಬಹಳ ಹೊತ್ತು ಹಾಡಲೆಂದೇ ಬೆಳೆದ ಹಾಡು. ಕಲ್ಲು ನಿಧಾನವಾದರೆ ಹಾಡೂ ನಿಧಾನವಾಗುತ್ತದೆ. ಹಾಗೆಯೇ ಕುದುರೆಯ ಹೆಜ್ಜೆ ನೋಡಿಕೊಂಡು ಅಜ್ಜಿ ಹಾಡಲಿ. ಹಾಡಿಗೆ ತಕ್ಕಂತೆ ಕುದುರೆಯನ್ನು ಓಡಿಸಲು ಹೋಗಬೇಡಿ.

ಉತ್ತರ: ಮೀರಜದ ಒಬ್ಬ ತಾಯಿ

ಗುರುಗಳು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ನನ್ನ ಮಗಳಿಗೆ ಆಟಿಸಂ ಇದೆ. ಪುಣೆಯಲ್ಲಿದ್ದಾಗ ಅವಳನ್ನು ಸವಾರಿಗೆ ಕರೆದೊಯ್ಯುತ್ತಿದ್ದೆವು. ಅಲ್ಲಿ ಮಗು ಹೇಳದೆ ಕುದುರೆ ಹೊರಡುತ್ತಿರಲಿಲ್ಲ. ನಾನು ಮನೆಯಲ್ಲಿ ಹಾಡುತ್ತಿದ್ದ ಪದವೊಂದರ ಸಾಲಿನ ಕೊನೆಗೆ "ನಡಿ" ಎಂಬ ಮಾತನ್ನು ಇಟ್ಟುಕೊಂಡು, ಆ ಮಾತಿಗೆ ಮುಂಚೆಯೇ ನಿಲ್ಲಿಸಿಬಿಡುತ್ತಿದ್ದೆ. ಕುದುರೆ ಹಿಡಿದವರೂ ನಿಂತೇ ಇರುತ್ತಿದ್ದರು. ಮೊದಮೊದಲು ಅವಳು ಕುದುರೆಯ ಕತ್ತಿನ ಕೂದಲನ್ನು ಎಳೆಯುತ್ತಿದ್ದಳು, ಆಮೇಲೆ ಬರೀ "ನ" ಎಂದಳು, ಅಷ್ಟಕ್ಕೇ ಕುದುರೆಯನ್ನು ಹೊರಡಿಸಿದರು. ಪೂರ್ತಿ ಮಾತು ಬರಲು ತಡವಾಯಿತು, ಆದರೆ ಬಂದಿತು. ಅಮೆರಿಕದಲ್ಲಿ 6ರಿಂದ 16 ವರ್ಷದ ಆಟಿಸಂ ಮಕ್ಕಳಿಗೆ 10 ವಾರ ಸವಾರಿ ಮಾಡಿಸಿ, 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ಸಿಡಿಮಿಡಿ ಕಡಿಮೆಯಾದದ್ದರ ಜೊತೆಗೆ ಆಡುವ ಮಾತು ಹೆಚ್ಚಿದ್ದು ಕಂಡುಬಂದಿದೆ.

ಅಕ್ಕಾ, ನಿಮ್ಮ ಹುಡುಗ ಮುಂದಿನ ಸಾಲಿಗಾಗಿ ಅಜ್ಜಿಯ ಬಾಯಿ ನೋಡುತ್ತಾನೆ ಎಂದಿರಲ್ಲ, ಅದನ್ನೇ ಬಳಸಿಕೊಳ್ಳಿ. ಅಜ್ಜಿ ಒಂದೇ ಸಮನೆ ಹಾಡುತ್ತ ಹೋದರೆ ಅವನು ಕೇಳುತ್ತ ಕೂರುತ್ತಾನೆ. ತಡೆದು ನಿಂತರೆ ಅವನು ಏನಾದರೂ ಮಾಡಬೇಕಾಗುತ್ತದೆ.

ಪ್ರಶ್ನೆ ಕೇಳಿದವರ ಮರುನುಡಿ

ಎಲ್ಲರಿಗೂ ವಂದನೆಗಳು. ಕುರುಬರ ಕುದುರೆ ಈಗ ಕುರಿಹಿಂಡಿನ ಜೊತೆ ಹೊರಗಡೆ ಹೋಗಿದೆ, ಮುಂಗಾರು ಹಿಡಿದ ಮೇಲೆಯೇ ಮರಳುವುದು. ಅಲ್ಲಿಯವರೆಗೆ ಕುದುರೆಯಿಲ್ಲದೆ ಏನಾದರೂ ಆರಂಭಿಸಬಹುದೇ?

ಉತ್ತರ: ಸೊಲ್ಲಾಪುರದ ಫಿಜಿಯೋಥೆರಪಿಸ್ಟ್

ಆರಂಭಿಸಬಹುದು. ಗಾದಿಯನ್ನು ಬಿಗಿಯಾಗಿ ಸುತ್ತಿ ಹಗ್ಗದಿಂದ ಕಟ್ಟಿ, ಹುಡುಗನ ಪಾದಗಳು ನೆಲಕ್ಕೆ ತಾಗುವಷ್ಟು ಎತ್ತರ ಮಾಡಿಕೊಂಡು, ಅದರ ಮೇಲೆ ಕಾಲಗಲಿಸಿ ಕೂರಿಸಿರಿ. ಹಿಂದೆ ಕುಳಿತವರು ಅವನ ಸೊಂಟ ಹಿಡಿದು, ಅಜ್ಜಿಯ ಹಾಡಿನ ಗತಿಗೆ ಎಡಕ್ಕೂ ಬಲಕ್ಕೂ ಮೆಲ್ಲಗೆ ತೂಗಲಿ. ಹಾಡು ನಿಂತಾಗ ತೂಗುವುದೂ ನಿಲ್ಲಲಿ. ಇದಕ್ಕೂ ಎಕ್ಸ್-ರೇ ಮೊದಲು ಆಗಬೇಕು. ಮೂಳೆ ವೈದ್ಯರು ಬಾಯಿಮಾತಿನಲ್ಲಿ "ಅಡ್ಡಿಯಿಲ್ಲ" ಎಂದರೆ ಸಾಲದು, ಎರಡೂ ಕೀಲುಗಳ ಸ್ಥಿತಿಯನ್ನು ಬರೆದುಕೊಡುವಂತೆ ಕೇಳಿ ಚೀಟಿಯನ್ನು ಕಾಪಾಡಿಟ್ಟುಕೊಳ್ಳಿ.