ಕೊಡಗಿಗೆ ಸ್ವಂತ ಎಂ.ಪಿ. ಸೀಟು ಯಾಕಿಲ್ಲ? ನನ್ನ ವೋಟು ಬೆಂಗಳೂರಿಗೆ ಬದಲಾಯಿಸಿಬಿಡಲೇ?

ಚೇರಂಬಾಣೆ ಹುಡುಗಿ:

ಎಲ್ಲರಿಗೂ ನಮಸ್ಕಾರ. ಊರು ಚೇರಂಬಾಣೆ, ಕೆಲಸ ಬೆಂಗಳೂರಲ್ಲಿ. 2024ರ ಏಪ್ರಿಲ್ 26 ಶುಕ್ರವಾರ ವೋಟು ಇತ್ತಲ್ಲ, ಅದಕ್ಕೆ ಗುರುವಾರ ರಾತ್ರಿ ಬಸ್ ಹತ್ತಿದೆ. ಸೀಟು ಸಿಗಲಿಲ್ಲ, ಮೈಸೂರಿನವರೆಗೆ ಚಾಲಕನ ಹಿಂದೆ ಬ್ಯಾಗಿನ ಮೇಲೆ ಕೂತಿದ್ದೆ, ಅಲ್ಲಿಂದ ಮಡಿಕೇರಿವರೆಗೆ ನಿಂತೇ ಬಂದೆ. ಬೆಳಿಗ್ಗೆ ಅಜ್ಜಿಯ ಜೊತೆ ಶಾಲೆಗೆ ಹೋಗಿ ವೋಟು ಹಾಕಿ, ಮಧ್ಯಾಹ್ನ ಉಂಡು, ಭಾನುವಾರ ವಾಪಸ್.

ಆಫೀಸಿನಲ್ಲಿ ಹುಬ್ಬಳ್ಳಿಯ ಗೆಳತಿ ಒಬ್ಬಳಿದ್ದಾಳೆ. ಅವರ ಕಡೆ ವೋಟು ಮೇ 7ಕ್ಕೆ ಇತ್ತು. ನನ್ನ ಬೆರಳು ನೋಡಿ, "ನಿಮ್ಮ ಜಿಲ್ಲೆಯಿಂದ ಯಾರು ನಿಂತಿದ್ದಾರೆ?" ಅಂದಳು. "ನಮ್ಮ ಜಿಲ್ಲೆಯಿಂದ ಯಾರೂ ಇಲ್ಲ, ಇಬ್ಬರೂ ಮೈಸೂರಿನವರು" ಅಂದೆ. "ಹಂಗಾದ್ರ ನಿಂತ್ಕೊಂಡ್ ಹೋಗಿದ್ದ್ಯಾಕ?" ಅಂತ ನಕ್ಕಳು. ಅವತ್ತಿನಿಂದ ಅದು ತಲೆಯಲ್ಲೇ ಕೂತಿದೆ.

ಲಕ್ಷದ್ವೀಪದಲ್ಲಿ 60 ಸಾವಿರ ಮತದಾರರೂ ಇಲ್ಲ, ಅವರಿಗೊಬ್ಬ ಎಂ.ಪಿ. ಲಡಾಖ್‌ನಲ್ಲಿ 2 ಲಕ್ಷ ಇಲ್ಲ, ಅಲ್ಲೂ ಒಬ್ಬ. ನಮಗೆ ಯಾಕಿಲ್ಲ? ಮುಂದಿನ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಸಿಗುವ ಸಾಧ್ಯತೆ ಇದೆಯಾ? ಇಲ್ಲದಿದ್ದರೆ ಫಾರ್ಮ್ 8 ತುಂಬಿ ವೋಟನ್ನು ಬೆಂಗಳೂರಿಗೇ ಬದಲಾಯಿಸಿಬಿಡೋಣ ಅನ್ನಿಸ್ತಿದೆ.

ಜೀಪು ಅಣ್ಣ, ಮಡಿಕೇರಿ:

ಎಂ.ಪಿ. ಸೀಟು ಬಿಡಿ ತಂಗಿ, ಎಂ.ಎಲ್.ಎ. ಸೀಟೇ ಮೂರಿದ್ದದ್ದು ಎರಡಾಯ್ತು. 2008ಕ್ಕೆ ಮೊದಲು ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಇತ್ತು. ಈಗ ಸೋಮವಾರಪೇಟೆ ಇಲ್ಲ. ಕೇಳಿದವರು ಯಾರು?

ನಾನು ಪ್ರತಿ ಚುನಾವಣೆಗೂ ಜೀಪು ಡ್ಯೂಟಿಗೆ ಕೊಡೋನು. ಬಸ್ ಹೋಗದ ಬೂತಿಗೆ ಮೆಷಿನ್, ಸಿಬ್ಬಂದಿ ಎಲ್ಲ ನಮ್ಮ ಗಾಡಿಯಲ್ಲೇ. ಕಳೆದ ಸಲದ ಬಾಡಿಗೆ ಕೈಗೆ ಬರ್ಲಿಕ್ಕೆ ಒಂದು ಮಳೆಗಾಲ ಕಳೀಬೇಕಾಯ್ತು. ಯಾವ ಆಫೀಸು ಅಂತ ಹೇಳೋದಿಲ್ಲ, ಮುಂದಿನ ಸಲವೂ ಅಲ್ಲಿಗೇ ಹೋಗ್ಬೇಕು.

ನಿಮ್ಮ ಪ್ರಶ್ನೆಗೆ ಇಲ್ಲಿ ಒಬ್ಬರು ಮೇಷ್ಟ್ರು ಇದ್ದಾರೆ, ಅವರು ಉತ್ತರ ಕೊಟ್ಟೇ ಕೊಡ್ತಾರೆ. ಉದ್ದ ಇರ್ತದೆ, ಚಾ ಮಾಡಿಕೊಂಡು ಕೂರಿ.

ನಿವೃತ್ತ ಮೇಷ್ಟ್ರು, ನಾಪೋಕ್ಲು:

ಉದ್ದವೇ ಇದೆ, ಏನು ಮಾಡಲಿ. 1991ರಿಂದ 2019ರವರೆಗೆ ಒಂದೂ ಲೋಕಸಭೆ ಬಿಡದೆ ಡ್ಯೂಟಿ ಮಾಡಿದವನು. ಮೊದಲು ಮತಪತ್ರ ಮಡಚಿಕೊಡುವ ಪೋಲಿಂಗ್ ಆಫೀಸರ್, ಆಮೇಲೆ ಪಿ.ಆರ್.ಒ., ಅಂದರೆ ಮತಗಟ್ಟೆಯ ಮುಖ್ಯಸ್ಥ.

ಮೊದಲು ಲಕ್ಷದ್ವೀಪದ ಮಾತು. ಅದು ಕೇಂದ್ರಾಡಳಿತ ಪ್ರದೇಶ. ಜನ ಎಷ್ಟೇ ಕಡಿಮೆ ಇರಲಿ, ಅಂಥ ಪ್ರದೇಶಕ್ಕೆ ಒಂದು ಸೀಟು ಇದ್ದೇ ಇರುತ್ತದೆ. ನೋಡಮ್ಮ, ನಾವೂ ಒಂದು ಕಾಲಕ್ಕೆ ಹಾಗೇ ಇದ್ದೆವು. 1952ರಲ್ಲಿ ಕೊಡಗು ಸಿ ವರ್ಗದ ರಾಜ್ಯ, ಅಂದರೆ ಕೇಂದ್ರದ ಹಿಡಿತದಲ್ಲಿದ್ದ ಸಣ್ಣ ರಾಜ್ಯ. ನಮಗೇ 24 ಶಾಸಕರ ವಿಧಾನಸಭೆ, ನಮಗೇ ಮುಖ್ಯಮಂತ್ರಿ (ಸಿ.ಎಂ. ಪೂಣಚ್ಚ), ನಮಗೇ ಒಂದು ಲೋಕಸಭಾ ಸೀಟು. ಆ ಸೀಟಿನಿಂದ ದಿಲ್ಲಿಗೆ ಹೋದವರು ನಿಡ್ಯಮಲೆ ಸೋಮಣ್ಣ. ಹಾಗೆ ಹೋದವರಲ್ಲಿ ಮೊದಲನೆಯವರೂ ಅವರೇ, ಕೊನೆಯವರೂ ಅವರೇ. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿದೆವು, 1957ರ ಚುನಾವಣೆಗೆ ಸೀಟು ಇರಲಿಲ್ಲ. ವಿಲೀನ ಬೇಡ ಅಂತ ತಕ್ಕಡಿ ಪಕ್ಷದವರು ಹಟ ಹಿಡಿದಿದ್ದು ಇಂಥದ್ದಕ್ಕೂ ಇರಬೇಕು ಅಂತ ನಮ್ಮ ಅಪ್ಪ ಹೇಳುತ್ತಿದ್ದರು. ಅಪ್ಪ ಮಾತ್ರ ವೋಟು ಹಾಕಿದ್ದು ಕಾಂಗ್ರೆಸ್ಸಿಗೆ!

ಅಲ್ಲಿಂದ ಐವತ್ತು ವರ್ಷ ನಾವು ಮಂಗಳೂರಿನ ಬಾಲ. 1977ರಿಂದ ನಾಲ್ಕು ಸಲ ಜನಾರ್ದನ ಪೂಜಾರಿ, 1991ರಿಂದ ನಾಲ್ಕು ಸಲ ಧನಂಜಯ ಕುಮಾರ್, 2004ರಲ್ಲಿ ಸದಾನಂದ ಗೌಡರು. 2009ರಿಂದ ಮೈಸೂರಿನ ಬಾಲ. ವಿಶ್ವನಾಥ್ ಒಂದು ಸಲ, ಪ್ರತಾಪ ಸಿಂಹ ಎರಡು ಸಲ, ಈಗ ಯದುವೀರ್.

ಬಾಲ ಬದಲಾಯಿಸಿದ ಆ 2009ರ ಚುನಾವಣೆಯಲ್ಲಿ ನನಗೆ ಸಂಪಾಜೆ ಕಡೆಯ ಒಂದು ಶಾಲೆ ಸಿಕ್ಕಿತ್ತು. ಅಲ್ಲಿಯವರಿಗೆ ಸಂತೆ, ಆಸ್ಪತ್ರೆ, ಮದುವೆಯ ಜವಳಿ ಎಲ್ಲ ಸುಳ್ಯವೇ. ಮೈಸೂರಿಗೆ ಹೋಗಬೇಕಾದರೆ ಘಟ್ಟ ಹತ್ತಿ ಮಡಿಕೇರಿಗೆ ಬಂದು ಅಲ್ಲಿಂದ ಮತ್ತೆ 120 ಕಿ.ಮೀ. ಹಿಂದಿನ ರಾತ್ರಿ ಗುಡುಗು ಮಳೆಗೆ ಕರೆಂಟು ಹೋಯಿತು. ಬೆಂಚು ಜೋಡಿಸಿ ಮಲಗಿದೆವು. ಬಿಸಿಯೂಟದ ಅಕ್ಕ ಅಕ್ಕಿರೊಟ್ಟಿ, ಕಾಡುಮಾವಿನ ಸಾರು ಕಳಿಸಿದ್ದರು, ಅದರ ರುಚಿ ಈಗಲೂ ಬಾಯಲ್ಲಿದೆ. ಬೆಳಿಗ್ಗೆ ಮೇಣದಬತ್ತಿ ಹಚ್ಚಿ ಮೆಷಿನ್ನಿಗೆ ಅರಗು ಹಾಕಬೇಕು, ಕಿಟಕಿಗೆ ಗಾಜಿಲ್ಲ, ಗಾಳಿಗೆ ಬತ್ತಿ ಆರುತ್ತಲೇ ಇತ್ತು. ಕೊನೆಗೆ ಎರಡು ಪಕ್ಷದ ಏಜೆಂಟರು ಒಂದೇ ಪಂಚೆಯ ಎರಡು ತುದಿ ಹಿಡಿದು ಗಾಳಿಗೆ ಅಡ್ಡ ನಿಂತರು.

ಹನ್ನೊಂದು ಗಂಟೆ ಹೊತ್ತಿಗೆ ಒಬ್ಬರು ಅಜ್ಜಿ ಬಂದರು. ಶಾಯಿ ಹಾಕಿಸಿಕೊಂಡರು, ನಾವು ಬ್ಯಾಲೆಟ್ ಬಟನ್ ಒತ್ತಿದೆವು, ಅವರು ರಟ್ಟಿನ ಮರೆಗೆ ಹೋದರು. ಎಷ್ಟು ಹೊತ್ತಾದರೂ ಬೀಪ್ ಇಲ್ಲ. ಹಿಂದೆ ಸಾಲು ಬೆಳೆಯುತ್ತಿದೆ. ಒಳಗಿನಿಂದಲೇ ಕೇಳಿದರು, "ಇದರಲ್ಲಿ ಪೂಜಾರಿಯವರ ಹೆಸರು ಎಲ್ಲಿ?" ನಾನು ಹತ್ತಿರ ಹೋಗುವ ಹಾಗಿಲ್ಲ. ನಿಂತಲ್ಲಿಂದಲೇ, "ಅಜ್ಜಿ, ಅವರು ಇಲ್ಲಿ ನಿಂತಿಲ್ಲ, ಇದು ಈಗ ಮೈಸೂರು ಕ್ಷೇತ್ರ" ಅಂದೆ. "ಮೈಸೂರಾ? ನಾನು ಮೈಸೂರು ಕಂಡೇ ಇಲ್ಲವಲ್ಲ" ಅಂದರು. ಸ್ವಲ್ಪ ಹೊತ್ತು ಬಿಟ್ಟು ಉದ್ದಕ್ಕೆ ಒಂದು ಬೀಪ್ ಬಂತು. ಯಾರಿಗೆ ಒತ್ತಿದರೋ ದೇವರಿಗೇ ಗೊತ್ತು. ಹೊರಗೆ ಬಂದವರು ನನ್ನನ್ನು ನೋಡಿದ ನೋಟ, ಕ್ಷೇತ್ರವನ್ನು ನಾನೇ ಎತ್ತಿಟ್ಟೆ ಅನ್ನುವ ಹಾಗಿತ್ತು.

ಇನ್ನು ಸೀಟು ಸಿಗುತ್ತದಾ ಅಂದರೆ, ಲೆಕ್ಕ ನೀನೇ ಮಾಡು. 2011ರ ಗಣತಿಯಲ್ಲಿ ರಾಜ್ಯದ ಜನ 6 ಕೋಟಿ 11 ಲಕ್ಷ. ಸೀಟು 28, ಅದೂ 1977ರಿಂದ ಹಾಗೇ ಇದೆ. ಭಾಗಿಸಿದರೆ ತಲಾ 21 ಲಕ್ಷ ಚಿಲ್ಲರೆ. ಕೊಡಗು 5 ಲಕ್ಷ 54 ಸಾವಿರ. ಅಂದರೆ ನಮ್ಮ ಪಾಲಿಗೆ ಬರುವುದು ಕಾಲು ಎಂ.ಪಿ. 2026ರ ನಂತರದ ಗಣತಿಯ ಮೇಲೆ ಮತ್ತೆ ವಿಂಗಡಣೆ ಅಂತಾರೆ. ರಾಜ್ಯಕ್ಕೆ ಎರಡು ಸೀಟು ಹೆಚ್ಚು ಬಂದರೂ ಕಾಲು ಒಂದಾಗುವುದಿಲ್ಲ. ಪ್ರತ್ಯೇಕ ಸೀಟಿನ ಕನಸು ಬಿಟ್ಟುಬಿಡು.

ಪಿರಿಯಾಪಟ್ಟಣದವನು:

ಮೇಷ್ಟ್ರೇ, ಬಾಲ ಅಂತ ಕೊಡಗಿನವರು ಮಾತ್ರ ಅಳೋದು ಸರಿಯಲ್ಲ. ಕ್ಷೇತ್ರದ ಎಂಟು ವಿಧಾನಸಭೆಯಲ್ಲಿ ಕೃಷ್ಣರಾಜ, ಚಾಮರಾಜ, ನರಸಿಂಹರಾಜ, ಚಾಮುಂಡೇಶ್ವರಿ, ಈ ನಾಲ್ಕೂ ಮೈಸೂರು ನಗರ, ಅದರ ಸುತ್ತಮುತ್ತ. ಮಡಿಕೇರಿ, ವಿರಾಜಪೇಟೆ ನಿಮ್ಮವು. ಉಳಿದದ್ದು ಹುಣಸೂರು, ಪಿರಿಯಾಪಟ್ಟಣ. ನಮ್ಮ ತಂಬಾಕು ಹರಾಜಿನಲ್ಲಿ ರೇಟು ಬಿದ್ದಾಗ ಯಾವ ಎಂ.ಪಿ. ಬಂದ? ನಿಮಗೆ ಮಳೆ, ಭೂಕುಸಿತ, ಆನೆ ಅಂತ ಟಿ.ವಿ.ಯವರಾದ್ರೂ ಬರ್ತಾರೆ. ತಂಬಾಕು ಒಣಗಿಸುವ ಬ್ಯಾರನ್ ಒಲೆ ಮುಂದೆ ಕೂತವನ ಫೋಟೋ ಯಾರೂ ತೆಗೆಯಲ್ಲ.

ನಿವೃತ್ತ ಮೇಷ್ಟ್ರು, ನಾಪೋಕ್ಲು:

ಒಪ್ಪಿದೆ. ತಂಬಾಕಿನ ಮಾತು ನನಗೆ ಹೊಳೆಯಲಿಲ್ಲ, ತಪ್ಪು ನನ್ನದು.

ಚೇರಂಬಾಣೆ ಹುಡುಗಿ:

ಕಾಲು ಎಂ.ಪಿ.! ಇದನ್ನು ಹುಬ್ಬಳ್ಳಿ ಗೆಳತಿಗೆ ಹೇಳೋದಿಲ್ಲ, ವರ್ಷವಿಡೀ ನಗ್ತಾಳೆ.

ಸರಿ ಮೇಷ್ಟ್ರೇ, ಸೀಟು ಸಿಗೋದಿಲ್ಲ. ಹಾಗಾದರೆ ನಾನು ನಿಂತು ಬಂದು ಹಾಕಿದ ವೋಟು ಏನಾಯ್ತು? ಜೂನ್ 4ಕ್ಕೆ ನೋಡಿದರೆ ಯದುವೀರ್ ಗೆದ್ದ ಅಂತರ 1,39,262. ನಾನು ಬಂದಿದ್ದರೂ ಅಷ್ಟೇ, ಬರದಿದ್ದರೂ ಅಷ್ಟೇ ಅಲ್ವಾ? ನಮ್ಮಲ್ಲೇ ಒಬ್ಬರು ಎಂ.ಪಿ. ಇದ್ದಿದ್ದರೆ ರೈಲಾದರೂ ಬರ್ತಿತ್ತು.

ನಿವೃತ್ತ ಮೇಷ್ಟ್ರು, ನಾಪೋಕ್ಲು:

ರೈಲಿನ ಮಾತು ಎತ್ತಬಾರದಿತ್ತು ನೀನು. ಮೇಲೆ ಹೇಳಿದ ಪೂಣಚ್ಚನವರು 1967ರಲ್ಲಿ ಮಂಗಳೂರು ಕ್ಷೇತ್ರದಿಂದ ಗೆದ್ದು ದಿಲ್ಲಿಯಲ್ಲಿ ಏನಾದರು ಗೊತ್ತಾ? ರೈಲ್ವೆ ಮಂತ್ರಿ! ಅಪ್ಪಟ ಕೊಡಗಿನವರು, ಕೈಯಲ್ಲೇ ರೈಲು ಇಲಾಖೆ. ಇವತ್ತಿಗೂ ನಾವು ರೈಲು ಹತ್ತಬೇಕಾದರೆ ಮೈಸೂರಿಗೋ ಮಂಗಳೂರಿಗೋ ಹೋಗಬೇಕು. ಕುಶಾಲನಗರದ ರೈಲು ಪ್ರತಿ ಚುನಾವಣೆಗೂ ಹೊರಡುತ್ತದೆ, ಮತ ಎಣಿಕೆಯ ದಿನ ನಿಲ್ಲುತ್ತದೆ. ಎಂ.ಪಿ. ನಮ್ಮೂರಿನವನಾದರೆ ಎಲ್ಲ ಆಗುತ್ತದೆ ಅನ್ನುವುದನ್ನು ನಾನು ನಂಬುವುದಿಲ್ಲ.

ಅಂತರದ ಮಾತಿಗೆ ಬರೋಣ. 2024ರದ್ದು ನೋಡಿದೆ. 2014ರಲ್ಲಿ ಇದೇ ಕ್ಷೇತ್ರದಲ್ಲಿ ಅಂತರ 31,608. ಅಜ್ಜಿ ನನ್ನನ್ನು ದುರುಗುಟ್ಟಿದ 2009ರಲ್ಲಿ 8 ಸಾವಿರವೂ ಇರಲಿಲ್ಲ. ಕ್ಷೇತ್ರದ ಮತದಾರರು ಈಗ 20 ಲಕ್ಷ ದಾಟಿದ್ದಾರೆ, ಅದರಲ್ಲಿ ನಾವು 5 ಲಕ್ಷದ ಒಳಗೆ. ಆದರೂ ಆ ವರ್ಷ ನಮ್ಮ ನಾಲ್ಕೈದು ಊರು ಮಗ್ಗುಲು ಬದಲಾಯಿಸಿದ್ದರೆ ಎಂ.ಪಿ. ಬೇರೆ ಆಗುತ್ತಿದ್ದರು. ಯಾವ ವರ್ಷ 1 ಲಕ್ಷ, ಯಾವ ವರ್ಷ 8 ಸಾವಿರ ಅಂತ ಬೆಳಿಗ್ಗೆ ಸಾಲಿನಲ್ಲಿ ನಿಂತಾಗ ಯಾರಿಗೆ ಗೊತ್ತಿರುತ್ತದೆ?

ಜನ ಒಂದೇ ಕಡೆ ಇರುತ್ತಾರೆ ಅಂತಲೂ ಇಲ್ಲ. 2023ರ ಮೇ ತಿಂಗಳಲ್ಲಿ ಮಡಿಕೇರಿ, ವಿರಾಜಪೇಟೆ ಎರಡೂ ಕಾಂಗ್ರೆಸ್ಸಿಗೆ ಹೋದವು. ವರ್ಷ ತುಂಬುವುದರೊಳಗೆ ಲೋಕಸಭೆಯಲ್ಲಿ ಕ್ಷೇತ್ರ ಬಿಜೆಪಿಗೆ. ಇಡೀ ರಾಜ್ಯದ ಕತೆಯೂ ಅದೇ. ವಿಧಾನಸಭೆಯಲ್ಲಿ 135 ಗೆದ್ದ ಕಾಂಗ್ರೆಸ್ಸಿಗೆ ಲೋಕಸಭೆಯ 28ರಲ್ಲಿ 9. ಬಿಜೆಪಿಗೆ 17, ಜೆಡಿಎಸ್‌ಗೆ 2. ತಮಾಷೆ ಅಂದರೆ 2014ರಲ್ಲೂ ಇದೇ 17, 9, 2. ಆವಾಗ ಜೆಡಿಎಸ್ ಒಂಟಿ, ಈಗ ಬಿಜೆಪಿ ಜೊತೆ. ನಡುವೆ 2019ರಲ್ಲಿ ಬಿಜೆಪಿಗೆ 25 ಬಂದಿತ್ತು, ಕಾಂಗ್ರೆಸ್ಸಿಗೆ ಒಂದೇ ಒಂದು. ಹತ್ತು ವರ್ಷದಲ್ಲಿ ಹೋಗಿ ಬಂದು ಅಲ್ಲಿಗೇ ನಿಂತಿದೆ, ನಮ್ಮ ಊರಿನ ಬಸ್ಸಿನ ಹಾಗೆ.

ಫಾರ್ಮ್ 8ರ ಬಗ್ಗೆ ಮಾತ್ರ ನಾನು ಹಾಕು ಅಂತಲೂ ಹೇಳೆ, ಬೇಡ ಅಂತಲೂ ಹೇಳೆ. ನಿಯಮ ಇಷ್ಟು: ಹೆಸರು ಒಂದೇ ಕಡೆ ಇರಬೇಕು, ವಾಸ ಇರುವ ಕಡೆ ಇರಬೇಕು. ನಿನ್ನ ವಾಸ ಎಲ್ಲಿ ಅಂತ ನಿನಗೇ ಗೊತ್ತು. ಅಜ್ಜಿಗೆ 85 ದಾಟಿದ್ದರೆ ಮನೆಯಲ್ಲೇ ವೋಟು ಹಾಕುವ ಸೌಲಭ್ಯ ಇದೆ, ಫಾರ್ಮ್ 12ಡಿ ಕೊಡಬೇಕು. ಅದನ್ನು ಮುಂದಿನ ಸಲಕ್ಕೆ ನೆನಪಿಟ್ಟುಕೋ.

ಚೇರಂಬಾಣೆ ಹುಡುಗಿ:

ಅಜ್ಜಿಗೆ 88 ಮೇಷ್ಟ್ರೇ. ಈಗಷ್ಟೇ ಫೋನಿನಲ್ಲಿ ಕೇಳಿದೆ. ಮನೆಗೆ ಬಂದು ವೋಟು ಹಾಕಿಸ್ಕೊಳ್ತಾರಂತೆ ಅಂದರೆ, "ಹಾಗಾದ್ರೆ ನನಗೆ ಶಾಲೆಗೆ ಹೋಗ್ಲಿಕ್ಕೆ ಕಾರಣ ಏನು ಉಳೀತು? ಆಚೆ ಮನೆಯವಳನ್ನು ನಾನು ನೋಡೋದೇ ಅಲ್ಲಿ" ಅಂದರು. ಫಾರ್ಮ್ 12ಡಿ ಬೇಡವಂತೆ. ನನ್ನ ಫಾರ್ಮ್ 8 ಅರ್ಧ ತುಂಬಿದ್ದು ಹಾಗೇ ಇದೆ. ಅಜ್ಜಿಯನ್ನು ಶಾಲೆಗೆ ಕರ್ಕೊಂಡು ಹೋಗ್ಲಿಕ್ಕೆ ಯಾರಾದರೂ ಬೇಕಲ್ಲ.

ಜೀಪು ಅಣ್ಣ, ಮಡಿಕೇರಿ:

ಬರೋ ದಿನ ಮೊದಲೇ ಹೇಳಿ ತಂಗಿ. ಮಡಿಕೇರಿ ಬಸ್ ಸ್ಟ್ಯಾಂಡಿನಿಂದ ಚೇರಂಬಾಣೆಗೆ ನಾನು ಬಿಡ್ತೇನೆ, ಅಜ್ಜಿಯನ್ನೂ ಶಾಲೆವರೆಗೆ. ಡ್ಯೂಟಿಗೆ ಗಾಡಿ ಹೋಗಿದ್ರೆ ತಮ್ಮನನ್ನು ಕಳಿಸ್ತೇನೆ. ಬಾಡಿಗೆ ಮಾತ್ರ ಅವತ್ತೇ ಕೊಡಿ, ಮಳೆಗಾಲ ಕಾಯ್ಲಿಕ್ಕೆ ಆಗೋದಿಲ್ಲ.