ಪಿಯು ಮಕ್ಕಳ ಪ್ರಾಜೆಕ್ಟ್ ಪ್ರದರ್ಶನಕ್ಕೆ ಸಹಾಯ ಬೇಕು (ಶಿರಸಿ)

ನಮಸ್ಕಾರ. ನಾನು ಶಿರಸಿ ಕಡೆ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುತ್ತೇನೆ. ಮಕ್ಕಳು ಮಾಡಿದ ಯಂತ್ರಗಳನ್ನು ಊರವರಿಗೆ ತೋರಿಸಬೇಕು ಅಂತಿದ್ದೇವೆ. ನನಗೆ ಜಾಸ್ತಿ ಇಷ್ಟವಾದದ್ದು, ಮಳೆ ಬಂದರೆ ಒಣಹಾಕಿದ ಅಡಿಕೆಗೆ ತಾನೇ ಟಾರ್ಪಾಲು ಎಳೆಯುವ ಯಂತ್ರ. ಸೆನ್ಸರ್ ತಟ್ಟೆಯ ಗೆರೆಗಳ ನಡುವೆ ಹನಿ ಬಿದ್ದರೆ ಕರೆಂಟ್ ಹರಿಯುತ್ತದೆ, ಆಗ ಆರ್ಡುಯಿನೊ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡು ಮೋಟರನ್ನು ಓಡಿಸುತ್ತದೆ. ತೊಂದರೆ ಏನಂದ್ರೆ, ಬೆಳಗಿನ ಇಬ್ಬನಿಯನ್ನೂ ಅದು ಮಳೆ ಅಂದುಕೊಳ್ಳುತ್ತದೆ! ತಟ್ಟೆಯನ್ನು ಸ್ವಲ್ಪ ಬಿಸಿಯಾಗಿಟ್ಟರೆ ಸರಿಹೋದೀತು ಅನ್ನಿಸುತ್ತದೆ. ಎಲೆಕ್ಟ್ರಾನಿಕ್ಸ್ ಬಲ್ಲವರು ಒಂದು ಸಂಜೆ ಬಂದು ನೋಡುತ್ತೀರಾ?

ಹಳೇ ಕಾರಿನ 12 ವೋಲ್ಟ್ ವೈಪರ್ ಮೋಟರ್ ಇದ್ದರೂ ಕೊಡಿ. ಈಗಿನದಕ್ಕೆ ಒದ್ದೆ ಟಾರ್ಪಾಲು ಎಳೆಯುವ ತಾಕತ್ತಿಲ್ಲ. ಪ್ರದರ್ಶನಕ್ಕೆ ಹಾಲ್‌ಗಿಂತ ಯಾರದಾದರೂ ಅಡಿಕೆ ಅಂಗಳವೇ ಚೆಂದ, ಅಲ್ವಾ? ಆಮೇಲೆ ಕಾರವಾರದಲ್ಲೂ ತೋರಿಸುವ ಆಸೆ. ಬಸ್ಸಿನಲ್ಲಿ ದೇವಿಮನೆ ಘಟ್ಟ ಇಳಿದರೆ ವೈರುಗಳೆಲ್ಲ ಕಿತ್ತುಬರುತ್ತವೆ. ಆ ಕಡೆ ಖಾಲಿ ಹೋಗುವ ಗಾಡಿ ಇದ್ದರೆ ಇಲ್ಲೇ ತಿಳಿಸಿ, ಡೀಸೆಲ್ ಖರ್ಚು ನಮ್ಮದು.