ನನ್ನ ಹೊಲ, ನನ್ನ ದುಡ್ಡು, ಬೋರು ಕೊರ್ಸೋಕೆ ಊರೆಲ್ಲಾ ಯಾಕೆ ಒಪ್ಬೇಕು?

ತೆಂಗಿನತೋಟ (ಅರಸೀಕೆರೆ ತಾಲ್ಲೂಕು)

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರ್ ಮಾಡ್ಕೊಳ್ದೆ ಪೂರ್ತಿ ಓದಿ. ನಮ್ದು ಮೂರೂವರೆ ಎಕರೆ ತೋಟ, ನಮ್ಮಪ್ಪ ಬಿಂದಿಗೇಲಿ ನೀರು ಹೊತ್ತು ಹುಯ್ದು ಎಬ್ಬಿಸಿದ್ದು, 250 ತೆಂಗಿನ ಮರ. 2004ರಲ್ಲಿ ಕೊರೆಸಿದ ಮೊದಲನೇ ಬೋರು 280 ಅಡಿಗೇ ಎರಡಿಂಚು ನೀರು ಕೊಟ್ಟಿತ್ತು, ಹದಿಮೂರು ವರ್ಷ ನಮ್ಮನ್ನ ಸಾಕಿ ಆಮೇಲೆ ಬತ್ತೋಯ್ತು. 2017ರಲ್ಲಿ ಅಮ್ಮನ ಒಡವೆ ಅಡ ಇಟ್ಟು ಇನ್ನೊಂದು ಕೊರೆಸಿದ್ವಿ, 760 ಅಡಿ. ಈಗ ಅದೂ ಎರಡು ಗಂಟೆ ಓಡಿದ್ರೆ ಗಾಳಿ ಎಳೆಯುತ್ತೆ. ಗರಿಗಳೆಲ್ಲ ಜೋತುಬಿದ್ದು ಕಾಂಡಕ್ಕೆ ಅಂಟ್ಕೊಂಡಿವೆ, ಬೆಳಿಗ್ಗೆ ಎದ್ದು ತೋಟಕ್ಕೆ ಹೋದ್ರೆ ಬುಡದ ತುಂಬಾ ಹರಳು (ಎಳೆ ಕಾಯಿ) ಉದುರಿರುತ್ತೆ, ಅದನ್ನ ತುಳ್ಕೊಂಡು ಓಡಾಡೋಕೇ ಕಾಲು ಬರಲ್ಲ.

ಹೋದ ತಿಂಗಳು ಸಾಲ ಮಾಡಿ, ನೀರು ಎಲ್ಲಿ ಸಿಗುತ್ತೆ ಅಂತ ಪಾಯಿಂಟ್ ಮಾಡ್ಸಿ, ಬೋರ್ ಲಾರಿ ಕರೆಸ್ದೆ. ಲಾರಿ ಊರೊಳಗೆ ಬರ್ತಿದ್ದಂಗೆ ನಲವತ್ತೈವತ್ತು ಜನ ಅಡ್ಡ ನಿಂತ್ರು, ಹೆಂಗಸ್ರು ಖಾಲಿ ಕೊಡ ಇಟ್ಕೊಂಡು ರಸ್ತೇಲೇ ಕೂತ್ಬಿಟ್ರು, ಅವ್ರಲ್ಲಿ ನಮ್ಮ ಸ್ವಂತ ಚಿಕ್ಕಮ್ಮನೂ ಇದ್ರು. ಕಾರಣ ಏನಂದ್ರೆ ಪಂಚಾಯ್ತಿ ಕುಡಿಯೋ ನೀರಿನ ಬೋರು ನನ್ನ ಪಾಯಿಂಟಿಂದ ಸುಮಾರು 220 ಮೀಟರ್ ದೂರದಲ್ಲಿದೆ, ನಾನು ಆಳಕ್ಕೆ ಹೋದ್ರೆ ಅದು ಬತ್ತುತ್ತೆ ಅಂತ. ಪಂಚಾಯ್ತಿಯೋರು ಬಂದು ಇದು ಸಾರ್ವಜನಿಕ ಹಿತದ ಪ್ರಶ್ನೆ ಅಂತ ಹೇಳಿ ಲಾರಿ ವಾಪಸ್ ಕಳಿಸಿದ್ರು. ಅದೇ ಕುಡಿಯೋ ನೀರಿನ ಬೋರಿಗೆ ನನಗಿಂತ ಹತ್ರ ಇರೋ ಒಬ್ರ ತೋಟದಲ್ಲಿ ನಾಲ್ಕು ಬೋರಿದೆ, ಅವ್ರು ಊರಲ್ಲಿ ದೊಡ್ಡೋರು, ಅವ್ರ ಅಡಿಕೆಗೆ ಕರೆಂಟ್ ಇರೋ ಅಷ್ಟೂ ಹೊತ್ತು ನೀರು ಹರೀತಾ ಇರುತ್ತೆ. ಅಲ್ಲಿ ಸಾರ್ವಜನಿಕ ಹಿತ ಎಲ್ಲೋಯ್ತು?

ನಾನು ಕೇಳೋದು ಇಷ್ಟೇ. ನನ್ನ ಪಹಣಿ, ನನ್ನ ಕಂದಾಯ, ನನ್ನ ಸಾಲ. ಭೂಮಿ ನಂದು ಅಂದ್ಮೇಲೆ ಕೆಳಗಿನ ನೀರು ನಂದಲ್ವಾ? ಊರಿನ ಒಳ್ಳೇದಕ್ಕೆ ಅಂತ ಒಬ್ಬನ ಬದುಕನ್ನ ಎಲ್ಲೀ ತನಕ ಹಿಂಡಬಹುದು? ಗೊತ್ತಿರೋರು ಹೇಳಿ.

ಹಾಸನದ ವಕೀಲ

ನಿಮ್ಮ ಸಂಕಟ ಅರ್ಥ ಆಗುತ್ತೆ ಸರ್, ಇಂಥ ಕೇಸು ಬೇಸಿಗೆ ಬಂದ್ರೆ ನಮ್ಮ ಆಫೀಸಿಗೆ ಬರ್ತಾನೇ ಇರುತ್ತೆ. ಮೊದ್ಲು ನಿಮಗೆ ಇಷ್ಟ ಆಗೋ ಕಾನೂನು ಹೇಳ್ತೀನಿ. 1882ರ ಈಸ್‌ಮೆಂಟ್ ಕಾಯ್ದೆ 7ನೇ ಸೆಕ್ಷನ್‌ನಲ್ಲಿ ಭೂಮಿ ಒಳಗೆ ಗೊತ್ತಾದ ಹಾದೀಲಿ ಹರಿಯದೇ ಇರೋ ನೀರನ್ನ ಜಮೀನಿನ ಮಾಲೀಕ ಎತ್ಕೋಬಹುದು ಅಂತ ಇದೆ. ನಿಮ್ಮ ವಾದ ಅಲ್ಲಿಂದಲೇ ಹುಟ್ಟಿದ್ದು. ಆದ್ರೆ ಅದು ಕಪಿಲೆ, ಏತ, ಎತ್ತಿನ ಕಾಲದ ಮಾತು, ಒಬ್ಬ ಎಷ್ಟೇ ಎತ್ತಿದ್ರೂ ಪಕ್ಕದವನ ಬಾವಿ ಒಣಗ್ತಿರಲಿಲ್ಲ. 760 ಅಡಿಗೆ ಮೋಟ್ರು ಇಳಿಸ್ತಾರೆ ಅಂತ ಆ ಕಾಯ್ದೆ ಬರೆದೋರು ಕನಸಲ್ಲೂ ಅಂದ್ಕೊಂಡಿರಲ್ಲ.

ಇನ್ನು ನಿಮಗೆ ಇಷ್ಟ ಆಗದೇ ಇರೋದು. ಕುಡಿಯೋ ನೀರಿನ ಮೂಲ ಕಾಪಾಡೋಕೆ ಅಂತಲೇ ಕರ್ನಾಟಕದಲ್ಲಿ 1999ರ ಅಂತರ್ಜಲ ಕಾಯ್ದೆ ಇದೆ, ಸಾರ್ವಜನಿಕ ಕುಡಿಯೋ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ದೆ ಬಾವಿ, ಬೋರು ತೆಗೆಯೋ ಹಂಗಿಲ್ಲ. ನಿಮ್ದು 220 ಮೀಟರ್, ಹಾಗಾಗಿ ಅನುಮತಿ ಕೇಳದೆ ಲಾರಿ ಕರೆಸಿದ್ದು ತಪ್ಪೇ. ಇದರ ಮೇಲೆ 2011ರದ್ದು ಇನ್ನೊಂದು ಕಾಯ್ದೆ ಇದೆ, ಅಧಿಸೂಚಿತ ಪ್ರದೇಶ (ಸರ್ಕಾರ ಆದೇಶ ಹೊರಡಿಸಿ ಗುರುತಿಸಿದ ಜಾಗ) ಆದ್ರೆ ಬೋರು ಕೊರೆಸೋಕೂ ಮುಂಚೆ ಅಂತರ್ಜಲ ಪ್ರಾಧಿಕಾರದ ಒಪ್ಪಿಗೆ ಬೇಕು.

ಆದ್ರೆ ಇಲ್ಲಿಗೆ ಮುಗೀಲಿಲ್ಲ. ಅದೇ 1999ರ ಕಾಯ್ದೇಲಿ, ಬರ ಬಂದಾಗ ಒಂದು ಜಾಗನ ನೀರಿನ ಅಭಾವ ಪ್ರದೇಶ ಅಂತ ಘೋಷಿಸಿ ಹಳೇ ಬೋರುಗಳಿಂದ ನೀರೆತ್ತೋಕೂ ಮಿತಿ ಹಾಕೋ ಅಧಿಕಾರ ಇದೆ. ಅಂದ್ರೆ ಹೊಸ ಬೋರಿನ ನಿಮ್ಮನ್ನ ತಡೆಯೋ ಕಾಯ್ದೆ ನಾಲ್ಕು ಬೋರಿನ ಆ ದೊಡ್ಡೋರನ್ನೂ ಮುಟ್ಟಬಹುದು, ಮುಟ್ಟೋ ಮನಸ್ಸು ಬೇಕು ಅಷ್ಟೇ.

ಜಡ್ಜ್‌ಗಳಿಗೂ ಇದು ಸುಲಭ ಇಲ್ಲ. ಕೇರಳದ ಪ್ಲಾಚಿಮಡದಲ್ಲಿ ಕೂಲ್‌ಡ್ರಿಂಕ್ಸ್ ಕಾರ್ಖಾನೆ ಅಂತರ್ಜಲ ಎಳೆದಾಗ 2003ರಲ್ಲಿ ಹೈಕೋರ್ಟಿನ ಒಬ್ಬ ಜಡ್ಜ್ ಅಂತರ್ಜಲ ಜನರ ಸ್ವತ್ತು, ಸರ್ಕಾರ ಬರೀ ಕಾವಲುಗಾರ ಅಂದ್ರು. 2005ರಲ್ಲಿ ಅದೇ ಕೋರ್ಟಿನ ಇಬ್ಬರು ಜಡ್ಜ್‌ಗಳ ವಿಭಾಗೀಯ ಪೀಠ ಅದನ್ನ ಒಪ್ಪಲಿಲ್ಲ, ಜಮೀನು ಇರೋನಿಗೆ ಹದವಾಗಿ ಎತ್ತೋ ಹಕ್ಕಿದೆ ಅಂತು. ಹದ ಅಂದ್ರೆ ಎಷ್ಟು ಅನ್ನೋದೇ ನಿಮ್ಮೂರಿನ ಜಗಳ.

ಆಸ್ತಿ ಹಕ್ಕಿನ ಬಗ್ಗೆ ಒಂದು ಮಾತು. 1978ರ 44ನೇ ತಿದ್ದುಪಡಿ ಆದ್ಮೇಲೆ ಅದು ಮೂಲಭೂತ ಹಕ್ಕಲ್ಲ, 300ಎ ವಿಧಿ ಪ್ರಕಾರ ಸಾಂವಿಧಾನಿಕ ಹಕ್ಕು. ಹಂಗಂತ ಅದು ಸವೆದ ನಾಣ್ಯ ಅಲ್ಲ. 2024ರ ಮೇನಲ್ಲಿ ಕೋಲ್ಕತ್ತ ಕಾರ್ಪೊರೇಷನ್ನಿನ ಒಂದು ಕೇಸಲ್ಲಿ ಸುಪ್ರೀಂ ಕೋರ್ಟು ಆ ಹಕ್ಕಿನೊಳಗೆ ಏಳು ಹಕ್ಕಿವೆ ಅಂತು, ಅದರಲ್ಲಿ ನೋಟಿಸ್ ಕೊಡೋದು, ಅವನ ಮಾತು ಕೇಳೋದು, ಕಾರಣ ಬರೆದು ಕೊಡೋದು ಇವೆಲ್ಲ ಸೇರಿದೆ. ಅದು ಭೂಸ್ವಾಧೀನದ ಕೇಸು, ನಿಮಗೆ ನೇರ ಒಗ್ಗಲ್ಲ, ಆದ್ರೆ ನೀತಿ ಒಂದೇ. ಸಾರ್ವಜನಿಕ ಹಿತ ಅಂತ ಬಾಯಲ್ಲಿ ಹೇಳಿ ಲಾರಿ ತಿರುಗಿಸೋದು ಸಾಲ್ದು. ನೀವು ಅನುಮತಿಗೆ ಅರ್ಜಿ ಹಾಕಿ, ಇಲ್ಲ ಅಂದ್ರೆ ಕಾರಣ ಲಿಖಿತದಲ್ಲಿ ಕೇಳಿ, ಸುತ್ತ ಇರೋ ಬೋರುಗಳ ಪಟ್ಟಿನೂ ಕೇಳಿ.

ಕಡೂರಿನ ಸೊಸೆ

ಅಣ್ಣ, ನಾನು ಕೊಡ ಇಟ್ಕೊಂಡು ರಸ್ತೇಲಿ ಕೂತೋರ ಕಡೆಯವಳು, ಕೋಪ ಮಾಡ್ಕೊಬೇಡಿ. ನಮ್ಮೂರಲ್ಲಿ 2024ರ ಬೇಸಿಗೇಲಿ ಪಂಚಾಯ್ತಿ ಬೋರು ನಿಂತೋಯ್ತು. ಮನೆ ಮನೆಗೆ ನಲ್ಲಿ ಹಾಕಿದ್ರು, ನಲ್ಲೀಲಿ ಬರೀ ಗಾಳಿ, ತಿರುವಿದ್ರೆ ಸುಯ್ ಅನ್ನೋದು. ಟ್ಯಾಂಕರ್ ಮೂರು ದಿನಕ್ಕೊಂದ್ಸಲ ಬರೋದು, ಯಾವ ಹೊತ್ತಿಗೆ ಅಂತ ಇಲ್ಲ, ಒಂದೊಂದ್ಸಲ ರಾತ್ರಿ ಹನ್ನೊಂದೂವರೆ. ನಮ್ಮತ್ತೆಗೆ ಮಂಡಿ ನೋವು, ನಂಗೆ ಆರು ತಿಂಗಳ ಮಗು, ಮಗೂನ ತೊಟ್ಟಿಲಲ್ಲಿ ಬಿಟ್ಟು ಓಡೋದು. ಬಟ್ಟೆ ಒಗೆದ ನೀರನ್ನ ತೆಗೆದಿಟ್ಟು ದನದ ಕೊಟ್ಟಿಗೆ ತೊಳೀತಿದ್ವಿ. ಆಗ ನಮ್ಮೂರಲ್ಲೂ ಒಬ್ರು ಹೊಸ ಬೋರು ಕೊರೆಸಿ ಮೂರಿಂಚು ನೀರು ಬಿತ್ತು ಅಂತ ಪೂಜೆ ಮಾಡಿ ಸಿಹಿ ಹಂಚಿದ್ರು, ನಂಗೆ ಅದನ್ನ ನುಂಗೋಕೆ ಆಗಲಿಲ್ಲ. ಅದಾಗಿ ಹದಿನೈದು ದಿನಕ್ಕೆ ಶಾಲೆ ಹತ್ರದ ಕೈಪಂಪೂ ನಿಂತೋಯ್ತು. ಇದಕ್ಕೇ ಅದು ನಿಂತಿದ್ದು ಅಂತ ನಾನು ಹೇಗೆ ರುಜುವಾತು ಮಾಡ್ಲಿ, ಭೂಮಿ ಒಳಗೆ ಯಾರು ಇಣುಕಿ ನೋಡಿದಾರೆ?

ನಿಮ್ಮ ಹಕ್ಕು ಅಂತೀರಿ, ಸರಿ. ಜಮೀನೇ ಇಲ್ದೋರಿಗೆ ಆ ಹಕ್ಕು ಎಲ್ಲಿಂದ ಬರ್ಬೇಕು? ಭೂಮಿ ಇದ್ದೋರಿಗೆ ಮಾತ್ರ ನೀರು ಅಂತಾದ್ರೆ ನಮ್ಮ ಕೇರಿಯ ಅರ್ಧ ಜನಕ್ಕೆ ದಾಹ ಆಗೋ ಹಕ್ಕು ಮಾತ್ರ ಉಳಿಯುತ್ತೆ.

ಆದ್ರೂ ನಿಮ್ಮ ಒಂದು ಮಾತು ನನ್ನ ಮನಸ್ಸಿಗೆ ತಾಕ್ತು. ಕೆರೆ ಕಟ್ಟಿಸಿ ನೀರು ಬರ್ಲಿಲ್ಲ ಅಂತ ಮನೆಯ ಕಿರಿ ಸೊಸೇನ ಬಲಿ ಕೊಟ್ಟ ಕತೆ ನಮ್ಮ ಸೀಮೇಲಿ ಎಲ್ಲಾ ಅಜ್ಜೀರೂ ಹೇಳ್ತಾರೆ. ಚಿಕ್ಕೋಳಿದ್ದಾಗ ಕೇಳಿ ಅತ್ತಿದ್ದೆ, ಈಗ ಕೇಳಿದ್ರೆ ಸಿಟ್ಟು ಬರುತ್ತೆ. ಊರಿನ ಒಳ್ಳೇದಕ್ಕೆ ಒಬ್ರು ಬೇಕು ಅಂದಾಗ ಗೌಡ ಹೋಗಲಿಲ್ಲ, ಗೌಡನ ಮಗನೂ ಹೋಗಲಿಲ್ಲ, ಯಾರ ಬಾಯಿಗೆ ಮಾತಿರಲಿಲ್ವೋ ಅವಳನ್ನ ಕಳಿಸಿದ್ರು. ಇವತ್ತು ನಾಲ್ಕು ಬೋರಿನವ್ರನ್ನ ಬಿಟ್ಟು ನಿಮ್ಮೊಬ್ರನ್ನೇ ಹಿಡ್ಕೊಂಡಿದ್ರೆ ಅದೂ ಅದೇ ಕತೆ. ನಿಮ್ಮ ಚಿಕ್ಕಮ್ಮನ ಹತ್ರ ಕೂತು ಮಾತಾಡಿ ಅಣ್ಣ, ಅವ್ರು ನಿಮ್ಮ ಮೇಲಿನ ದ್ವೇಷಕ್ಕೆ ಕೊಡ ಹಿಡ್ಕೊಂಡು ಬಂದಿರಲ್ಲ.

ಸಕಲೇಶಪುರ ಗಡಿ

ನಾನು ಸ್ವಲ್ಪ ಖಾರವಾಗೇ ಹೇಳ್ತೀನಿ. ಸಾರ್ವಜನಿಕ ಹಿತ ಅಂದ್ರೆ ನಮ್ಮ ಮನೇಲಿ ಭಯ ಬೀಳ್ತಾರೆ. ಗೊರೂರಲ್ಲಿ ಹೇಮಾವತಿ ಡ್ಯಾಂ ಕಟ್ದಾಗ ನಮ್ಮ ತಾತನ ಊರು ಮುಳುಗ್ತು, ಗದ್ದೆ ಮನೆ ಎಲ್ಲಾ ಹೋಗಿ ಪುನರ್ವಸತಿ ಜಾಗ ಅಂತ ಕಾಡಂಚಿಗೆ ಬಂದ್ವಿ, ಈಗ ಅಲ್ಲಿ ಆನೆ ಕಾಟ. ನೀರು ತುಮಕೂರಿಗೆ ಹೋಯ್ತು, ಮಂಡ್ಯಕ್ಕೆ ಹೋಯ್ತು, ಅವ್ರು ಬೆಳೆದುಣ್ಣಲಿ ಬೇಡ ಅನ್ನಲ್ಲ, ಆದ್ರೆ ಕೊಟ್ಟೋರನ್ನ ಆಮೇಲೆ ಯಾರಾದ್ರೂ ಬಂದು ಹೆಂಗಿದೀರ ಅಂತ ಕೇಳಿದ್ರಾ? ನಮ್ಮ ತಾತ ಸಾಯೋ ತನಕ ಬೇಸಿಗೇಲಿ ಡ್ಯಾಂ ನೀರು ಇಳಿದಾಗ ಹೋಗಿ ನಮ್ಮನೆ ಪಾಯ ಇಲ್ಲಿತ್ತು ಅಂತ ಕೋಲಲ್ಲಿ ಗೀಟು ಹಾಕಿ ತೋರಿಸ್ತಿದ್ರು. ಕೊಡಿ ಅಂತ ಕೇಳೋರು ಮೊದ್ಲು ಏನು ವಾಪಸ್ ಕೊಡ್ತಾರೆ ಅಂತ ಬರ್ಕೊಡ್ಲಿ.

ತೆಂಗಿನತೋಟ

ಎಲ್ರ ಉತ್ತರನೂ ಎರಡೆರಡು ಸಲ ಓದ್ದೆ. ಕಡೂರಿನ ಅಕ್ಕ ಬರೆದಿದ್ದು ಓದಿ ರಾತ್ರಿ ನಿದ್ದೆ ಬರಲಿಲ್ಲ. ಅಕ್ಕ, ನಾನು ಯಾರ ಕೊಡಾನೂ ಕಿತ್ಕೋಬೇಕು ಅಂತ ಇಲ್ಲ, ಆದ್ರೆ ನಮ್ಮ ಮನೆಗೂ ಬೇರೆ ದುಡಿಮೆ ಇಲ್ಲ, ಕೊಬ್ಬರಿ ಒಂದೇ. 500 ಮೀಟರ್ ವಿಷ್ಯ ನಂಗೆ ನಿಜವಾಗ್ಲೂ ಗೊತ್ತಿರಲಿಲ್ಲ, ಪಾಯಿಂಟ್ ಮಾಡೋರೂ ಹೇಳಲಿಲ್ಲ, ಲಾರಿಯೋರೂ ಹೇಳಲಿಲ್ಲ. ಲಾಯರ್ ಸಾರ್, ಅರ್ಜಿ ಹಾಕ್ತೀನಿ. ಆದ್ರೆ ಅಲ್ಲೀವರೆಗೂ ಮರ ಕಾಯುತ್ತಾ?

ಬಾಣಾವರದ ಅಗ್ರಿ

ನಾನು ಕೃಷಿ ಓದಿದೋನು, ನಮ್ಮನೇಲೂ ತೆಂಗೇ ಇದೆ, ಅದಕ್ಕೆ ಒಂದು ಲೆಕ್ಕ ಹಾಕಿ ತೋರಿಸ್ತೀನಿ ಅಣ್ಣ, ಹಕ್ಕು ಹಿತ ಅಂತ ಎಷ್ಟೇ ವಾದ ಮಾಡಿದ್ರೂ ಕೊನೆಗೆ ಲೀಟರಿಗೇ ಬರಬೇಕು. ಜಲ ಜೀವನ್ ಮಿಷನ್‌ನಲ್ಲಿ ಹಳ್ಳೀಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಅಂತ ಇಟ್ಕೊಂಡಿದಾರೆ. ಬೇಸಿಗೇಲಿ ಒಂದು ತೆಂಗಿನ ಮರಕ್ಕೆ ಡ್ರಿಪ್‌ನಲ್ಲಿ ದಿನಕ್ಕೆ 50 ಲೀಟರ್ ಅಂತ ಹಿಡಿಯೋಣ. ನಿಮ್ಮ 250 ಮರಕ್ಕೆ 12,500 ಲೀಟರ್ ಆಯ್ತು, ಅಂದ್ರೆ ಹೆಚ್ಚು ಕಮ್ಮಿ 227 ಜನ ಕುಡಿದು, ಅಡಿಗೆ ಮಾಡಿ, ಸ್ನಾನ ಮಾಡೋ ನೀರು. ನೀವು ತಪ್ಪು ಮಾಡ್ತಿದೀರ ಅಂತಲ್ಲ, ಊರೋರು ಹೆದರಿದ್ದು ಸುಮ್ನೆ ಅಲ್ಲ ಅಂತ ಹೇಳಿದೆ. ಡ್ರಿಪ್ ಇಲ್ದೆ ಕಾಲುವೇಲಿ ಹಾಯಿಸೋ ಅಡಿಕೆ ತೋಟದ ಲೆಕ್ಕ ಇದಕ್ಕಿಂತ ಎಷ್ಟೋ ಜಾಸ್ತಿ ಆಗುತ್ತೆ, ಅದನ್ನ ಆ ನಾಲ್ಕು ಬೋರಿನವ್ರ ಮುಂದೆ ಇಡ್ಬೇಕು. 10 ಎಚ್‌ಪಿ ತನಕ ಪಂಪ್‌ಸೆಟ್ಟಿಗೆ ಕರೆಂಟು ಫ್ರೀ, ಬೋರು ಇದ್ದೋರಿಗೆ ಸ್ವಿಚ್ ಆಫ್ ಮಾಡೋಕೆ ಕಾರಣನೇ ಇಲ್ಲ. ನಾನೂ ಆ ಫ್ರೀ ಕರೆಂಟು ತಗೊಳ್ಳೋನೇ, ಅದು ರೈತನಿಗೆ ಬೇಕು ಅಂತಲೇ ನಂಬಿರೋನು, ಆದ್ರೆ ನೀರಿಗೆ ಅದು ಏನು ಮಾಡಿದೆ ಅನ್ನೋದನ್ನ ಮುಚ್ಚಿಡೋಕೆ ಆಗಲ್ಲ.

ಮಹಾರಾಷ್ಟ್ರದ ಹಿವರೆ ಬಜಾರ್ ಬಗ್ಗೆ ಕೇಳಿರಬಹುದು, ಅಹಮದ್‌ನಗರ (ಈಗ ಅಹಿಲ್ಯಾನಗರ) ಜಿಲ್ಲೆ. ಅಲ್ಲಿ ಮಳೆ ನಮ್ಮ ಅರಸೀಕೆರೆಗಿಂತ ಕಮ್ಮಿ. ಆ ಊರೋರು ಬೇಸಾಯಕ್ಕೆ ಬೋರು ಕೊರೆಸೋದೇ ಬೇಡ, ಕಬ್ಬು ಬಾಳೆಯಂಥ ಬೆಳೆ ಬೇಡ ಅಂತ ಅವ್ರೇ ಕೂತು ತೀರ್ಮಾನ ಮಾಡಿದ್ರು. ಪ್ರತಿ ವರ್ಷ ಮಳೆ ಎಷ್ಟು ಬಿತ್ತು ಅಂತ ಅಳೆದು, ಕುಡಿಯೋಕೆ ಇಷ್ಟು, ದನಕ್ಕೆ ಇಷ್ಟು ಅಂತ ತೆಗೆದಿಟ್ಟು, ಉಳಿದಿದ್ದಕ್ಕೆ ತಕ್ಕಂಗೆ ಬೆಳೆ ಇಡ್ತಾರೆ. ಮೇಲಿಂದ ಯಾರೋ ಬಂದು ಹೇರಿದ್ದಲ್ಲ, ಎಲ್ರ ಮೇಲೂ ಒಂದೇ ಕಟ್ಟು, ಅದಕ್ಕೇ ನಿಂತಿದೆ. ನಮ್ಮಲ್ಲೂ ಇದು ಹೊಸದೇನಲ್ಲ, ಕೆರೆ ಇದ್ದ ಕಾಲದಲ್ಲಿ ನೀರುಗಂಟಿ ಅಂತ ಒಬ್ಬ ಇರ್ತಿದ್ದ, ತೂಬು ಎತ್ತೋದು ಇಳಿಸೋದು ಅವನ ಕೈಲಿ, ಬರಗಾಲದಲ್ಲಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಅವನು ಹೇಳಿದಂಗೆ. ಕೆರೆ ನೀರು ಎಲ್ರ ಕಣ್ಣಿಗೂ ಕಾಣ್ತಿತ್ತು, ಬೋರು ಬಂದ್ಮೇಲೆ ನೀರು ಕಣ್ಣಿಂದ ಮರೆಯಾಯ್ತು, ಅದರ ಜೊತೆ ನೀರುಗಂಟೀನೂ ಹೋದ.

ಈಗ ನೀವು ತಕ್ಷಣ ಮಾಡಬಹುದಾದ್ದು ಹೇಳ್ತೀನಿ. 20 ಲೀಟರ್ ಬಕೆಟ್ ಹಿಡಿದು ನಿಮ್ಮ ಬೋರಿನ ನೀರು ಅಳೀರಿ. ಗರಿ ಸಿಪ್ಪೆ ಎಲ್ಲಾ ಬುಡಕ್ಕೆ ಮುಚ್ಚಿಗೆ ಹಾಕಿ, ಮಣ್ಣು ಬಿಸಿಲಿಗೆ ಬಿಡಬೇಡಿ. ಬತ್ತಿದ 280 ಅಡಿ ಬೋರು ಮುಚ್ಚಿಸಬೇಡಿ, ಸುತ್ತ ಗುಂಡಿ ತೆಗೆದು ಕಲ್ಲು ಜಲ್ಲಿ ಮರಳು ತುಂಬಿ ಮಳೆ ನೀರು ಸೋಸಿ ಒಳಗೆ ಬಿಡಿ, ಅಲ್ಲೀ ತನಕ ಬಾಯಿಗೆ ಮಾತ್ರ ಭದ್ರವಾಗಿ ಕ್ಯಾಪ್ ಹಾಕಿರಿ, ಮಕ್ಕಳು ಓಡಾಡೋ ಜಾಗ.

ತೆಂಗಿನತೋಟ

ಅಳೆದೆ. 20 ಲೀಟರ್ ಬಕೆಟ್ ತುಂಬೋಕೆ 38 ಸೆಕೆಂಡ್ ಹಿಡೀತು, ಮೂರು ಸಲ ನೋಡ್ದೆ, ಅಷ್ಟೇ. ಎರಡು ಗಂಟೆ ಓಡುತ್ತೆ ಅಂದ್ರೆ 3,800 ಲೀಟರ್ ಹತ್ರ, ಅಂದ್ರೆ 75 ಮರಕ್ಕೆ ಸಾಕು. ಅಪ್ಪ ಮೊದ್ಲು ನೆಟ್ಟ ಎರಡು ಸಾಲು ಮೊದ್ಲು ಉಳಿಸ್ಕೊಳ್ತೀನಿ, ಉಳಿದವಕ್ಕೆ ಸರದಿ ಮೇಲೆ ಬಿಡ್ತೀನಿ. ಎಲ್ಲಾ ಉಳಿಯಲ್ಲ ಅಂತ ಗೊತ್ತು, ಬರೀವಾಗಲೇ ಕೈ ನಡುಗ್ತಿದೆ.

ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಮೊದ್ಲು ಮಾತಾಡ್ಲಿಲ್ಲ, ಆಮೇಲೆ ನೀರು ಕೊಟ್ರು, ಕುಡಿದೆ, ಅದೇ ಪಂಚಾಯ್ತಿ ನೀರು. ಕಾಗದ ತೋರಿಸ್ದೆ. ಎರಡು ಅರ್ಜಿ ಬರೆದಿದೀನಿ. ಒಂದು ನನ್ನ ಬೋರಿನ ಅನುಮತಿಗೆ, ಕೊಡಲ್ಲ ಅಂದ್ರೆ ಕಾರಣ ಬರೆದು ಕೊಡಿ ಅಂತ. ಇನ್ನೊಂದು, ಕುಡಿಯೋ ನೀರಿನ ಬೋರಿನ ಸುತ್ತ 500 ಮೀಟರ್ ಒಳಗೆ ಇರೋ ಎಲ್ಲಾ ಬೋರುಗಳನ್ನೂ ಅಳೆದು, ಬೇಸಿಗೇಲಿ ಎಲ್ರಿಗೂ ಒಂದೇ ಮಿತಿ ಹಾಕಿ ಅಂತ, ಅದರಲ್ಲಿ ಮೊದಲನೇ ಹೆಸರು ನನ್ನ ಬೋರಿಂದೇ ಬರೆದಿದೀನಿ. ಎರಡನೇ ಅರ್ಜಿಗೆ ಚಿಕ್ಕಮ್ಮ ಸೈನ್ ಹಾಕಿದ್ರು, ರಸ್ತೇಲಿ ಕೂತಿದ್ದ ಇನ್ನೂ ಹನ್ನೊಂದು ಜನ ಹೆಂಗಸ್ರ ಕೈಲೂ ಹಾಕಿಸ್ಕೊಟ್ರು. ನಾಲ್ಕು ಬೋರಿನವ್ರ ಮನೆಗೂ ನಾನೇ ತಗೊಂಡೋಗಿದ್ದೆ, ಓದಿ ನೋಡ್ತೀನಿ ಅಂತ ಇಟ್ಕೊಂಡಿದಾರೆ. ಸೋಮವಾರ ಪಂಚಾಯ್ತಿಗೆ ಕೊಡ್ತೀವಿ, ಏನಾಯ್ತು ಅಂತ ಬಂದು ಬರೀತೀನಿ.